ಅಜ್ಜಿಗೊಂದು ಬಿನ್ನವತ್ತಳೆ

ಸನ್ಮಾನ ಮಾಡುವುದರಲ್ಲಿ ನಮ್ಮವರನ್ನು ಮೀರಿಸುವವರು ಅಮೆರಿಕದ ಈ ಬೇ ಏರಿಯಾದಲ್ಲಿ ಯಾರೂ ಇಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ, ಕೊನೆಗೆ ಚೌಕಟ್ಟು ಹಾಕಿಸಿದ ಬಿನ್ನವತ್ತಳೆ. ನಮ್ಮ ಕನ್ನಡ ಸಂಘದಲ್ಲಿ ಆ ಬಿನ್ನವತ್ತಳೆ ಬರೆಯುವ ಕೆಲಸವನ್ನು ಹದಿನೈದು ವರ್ಷಗಳಿಂದ ನನ್ನ ತಲೆಗೆ ಕಟ್ಟಿದ್ದಾರೆ. ನಾನು ಓಕ್ಲ್ಯಾಂಡಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ರಕ್ತದ ಟ್ಯೂಬುಗಳನ್ನು ನೋಡುವವಳು. ಮೈಸೂರಿನಲ್ಲಿ ಓದುವಾಗ ಪ್ರಬಂಧ ಸ್ಪರ್ಧೆಯಲ್ಲಿ ಎರಡು ಸಲ ಬಹುಮಾನ ಗೆದ್ದಿದ್ದೆ ಎಂದು ಯಾರದೋ ಮನೆಯ ಊಟದಲ್ಲಿ ಬಾಯಿ ಬಿಟ್ಟಿದ್ದೇ ತಪ್ಪಾಯಿತು.

ಬಿನ್ನವತ್ತಳೆಗೆ ಅದರದೇ ಧಾಟಿ ಇದೆ. ಪ್ರತಿ ಪ್ಯಾರಾ ‘ಕರುಣಾಮೂರ್ತಿಯೇ’, ‘ಕಾಯಕಯೋಗಿಯೇ’ ಎಂದು ಒಂದೊಂದು ಕೂಗಿನಿಂದ ಶುರುವಾಗಬೇಕು. ಸನ್ಮಾನಿತರಲ್ಲಿ ಒಂದು ದೋಷವೂ ಇರಬಾರದು, ಅವರ ಸುತ್ತಮುತ್ತ ಕೆಟ್ಟವರ ಸುಳಿವೂ ಇರಬಾರದು. ಒಬ್ಬ ಹಲ್ಲಿನ ಡಾಕ್ಟರಿಗೆ ‘ತಮ್ಮ ಸ್ಪರ್ಶಮಾತ್ರದಿಂದ ನೋವು ಪಲಾಯನಗೈಯುವುದು’ ಎಂದು ಬರೆದು ಓದಿದಾಗ, ಎರಡನೇ ಸಾಲಿನಲ್ಲಿ ಕೂತಿದ್ದ ಅವರದೇ ಪೇಷೆಂಟೊಬ್ಬರು ದವಡೆ ಹಿಡಿದುಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅವರ ಹಲ್ಲು ಕಿತ್ತವಳು ನಾನೇನು?

ಹೋದ ವರ್ಷ ಕಮಿಟಿಯಲ್ಲಿ ಚಿಕ್ಕವರ ಕೈ ಮೇಲಾಗಿ, ನಮ್ಮವರಲ್ಲದ ಒಬ್ಬರಿಗೆ ಸನ್ಮಾನ ಎಂದು ತೀರ್ಮಾನವಾಯಿತು. ಅವರು ಓಕ್ಲ್ಯಾಂಡಿನ ಎಂಬತ್ತೇಳು ವರ್ಷದ ಒಬ್ಬ ಕಪ್ಪು ಹೆಂಗಸು. ಮೈಬಣ್ಣ ನೋಡಿ ಬಾಡಿಗೆಗೆ ಮನೆ ಇಲ್ಲವೆನ್ನುವವರ ವಿರುದ್ಧ ಹತ್ತೊಂಬತ್ತನೇ ವಯಸ್ಸಿನಿಂದ ಹೋರಾಡಿದವರು. ಅವರ ವಿಧಾನ ಬಹಳ ಸರಳ. ಒಂದೇ ಮನೆಗೆ ಇಬ್ಬರನ್ನು ಬೇರೆ ಬೇರೆಯಾಗಿ ಕಳಿಸುತ್ತಿದ್ದರು. ಇಬ್ಬರದೂ ಒಂದೇ ಥರದ ಕೆಲಸ, ಒಂದೇ ಸಂಬಳ, ಆದರೆ ಬಣ್ಣ ಬೇರೆ. ಮಾಲೀಕ ಯಾರಿಗೆ ಏನು ಹೇಳಿದ ಎಂಬುದನ್ನು ಅಕ್ಷರ ಬಿಡದೆ ಬರೆಸಿಕೊಂಡು, ಎರಡೂ ಹಾಳೆ ಹಿಡಿದು ಅವನ ಬಾಗಿಲು ತಟ್ಟುತ್ತಿದ್ದರು. ಒಪ್ಪಿಕೊಳ್ಳದವರನ್ನು ಕೋರ್ಟಿಗೆ ಎಳೆದರು. ನಮ್ಮವರು ಸೂಟ್‌ಕೇಸು ಹಿಡಿದು ಬಂದಿಳಿದು ಇಲ್ಲಿನ ಯೂನಿಯನ್ ಸಿಟಿಯಲ್ಲಿ, ಡಬ್ಲಿನ್‌ನಲ್ಲಿ ಸಲೀಸಾಗಿ ಅಪಾರ್ಟ್‌ಮೆಂಟು ಹಿಡಿಯುತ್ತಾರಲ್ಲ, ಆ ದಾರಿ ಸವೆಸಿದವರಲ್ಲಿ ಅವರೂ ಒಬ್ಬರು.

ನನ್ನ ಮಗಳು ಚಿಕ್ಕಂದಿನಲ್ಲಿ ಅವರನ್ನು ಅಜ್ಜಿ ಎನ್ನಲು ಶುರುಮಾಡಿ, ಈಗ ನಮ್ಮ ಮನೆಗೆಲ್ಲ ಅವರು ಅಜ್ಜಿಯೇ. ಅವರಿಗೆ ನಾನು ‘ಬೇಬಿ’. ನನಗೀಗ ಐವತ್ತಾರು.

ಅಜ್ಜಿಯ ಬಿನ್ನವತ್ತಳೆಯನ್ನು ಒಂದೇ ಶನಿವಾರದಲ್ಲಿ ಬರೆದು ಮುಗಿಸಿದೆ. ‘ಕರುಣೆಯ ಗಂಗೆಯೇ’ ಎಂದು ಆರಂಭ. ಧಾರವಾಡದವರಾದ ನನ್ನ ಗಂಡ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, “ಭಾಳ ಛಲೋ ಬರದೀ. ಖರೇ ಮಾತು ಒಂದೂ ಇಲ್ಲ ನೋಡು” ಎಂದರು. ಅವರು ಹಾಗೆ ಕಾಲೆಳೆಯುವುದು ಹೊಸದಲ್ಲ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆದರೆ ಅಜ್ಜಿಯದೊಂದು ಷರತ್ತಿತ್ತು. ತನಗೆ ಬರದ ಭಾಷೆಯಲ್ಲಿ ತನ್ನ ಬಗ್ಗೆ ಏನು ಓದುತ್ತಾರೆಂದು ಮೊದಲೇ ಗೊತ್ತಾಗಬೇಕು. ಹಾಗಾಗಿ ಮರುದಿನ ಅವರ ಮನೆಗೆ ಹೋದೆ. ಒಲೆಯ ಮೇಲೆ ಸೊಪ್ಪು ಬೇಯುತ್ತಿತ್ತು. ಜೋಳದ ಹಿಟ್ಟಿನ ಬ್ರೆಡ್ಡಿನ ಮೇಲೆ ನಾನು ತಂದಿದ್ದ ಮಾವಿನಕಾಯಿ ಉಪ್ಪಿನಕಾಯಿ ಸವರಿಕೊಂಡು ಅವರು ಕೇಳಿಸಿಕೊಂಡರು, ನಾನು ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಹೇಳಿದೆ. ಗಂಗೆ ಯಾರು ಎಂದರು. ನದಿ ಎಂದೆ. ತಾನು ನದಿಯಲ್ಲ, ಹತ್ತೊಂಬತ್ತನೇ ವಯಸ್ಸಿನಿಂದ ಸಿಟ್ಟು ಮಾಡಿಕೊಂಡಿರುವ ಮುದುಕಿ, ಆ ಸಿಟ್ಟು ಇದರಲ್ಲಿ ಎಲ್ಲಿದೆ ಎಂದು ಕೇಳಿದರು. ಬಿನ್ನವತ್ತಳೆಯಲ್ಲಿ ಸಿಟ್ಟು ಬರೆಯುವ ಪದ್ಧತಿಯಿಲ್ಲ ಎಂದು ವಿವರಿಸಿದೆ. ಕೊನೆಯವರೆಗೂ ಕೇಳಿ, ಬೆರಳು ನೆಕ್ಕಿಕೊಂಡು ಹೇಳಿದರು.

“ಬೇಬಿ, ಈ ಕಾಗದದಲ್ಲಿ ಎಲ್ಲರೂ ಒಳ್ಳೆಯವರೇ. ಹಾಗಾದರೆ ನಾನು ಇಷ್ಟು ವರ್ಷ ಜಗಳವಾಡಿದ್ದು ಯಾರ ಜೊತೆ?”

ಅವರೇ ಮುಂದುವರಿಸಿ, ನಾವಿಬ್ಬರು ಹೇಗೆ ಪರಿಚಯವಾದೆವು ಎಂಬುದನ್ನು ಬರೆ, ಅದೊಂದು ಇಲ್ಲದಿದ್ದರೆ ತಾನು ಶಾಲು ಹೊದೆಯಲು ಬರುವುದಿಲ್ಲ, ಮನೆಯಲ್ಲೇ ಗಿಡಗಳಿಗೆ ನೀರು ಹಾಕಿಕೊಂಡಿರುತ್ತೇನೆ ಎಂದರು. ತಮಾಷೆಗೆ ಹೇಳಿದ್ದಲ್ಲ.

ನಾವು ಪರಿಚಯವಾದದ್ದು ಲೈಬ್ರರಿಯಲ್ಲಿ ಎಂದು ನಾನು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಮಗಳಿಗೂ ಅದನ್ನೇ ಹೇಳಿದ್ದೆ. ನಿಜ ಗೊತ್ತಿದ್ದದ್ದು ಗಂಡನಿಗೆ ಮಾತ್ರ.

ನಿಜ ಇದು. ಮಗಳು ನಾಲ್ಕು ವರ್ಷದವಳಿದ್ದಾಗ ನಾವು ಸ್ವಲ್ಪ ದೊಡ್ಡ ಮನೆಗೆ ಹೋದೆವು, ಯೂನಿಯನ್ ಸಿಟಿಯ ಹಳೆಯ ಮನೆಯನ್ನು ಬಾಡಿಗೆಗೆ ಕೊಡಬೇಕಿತ್ತು. ಮೊದಲು ನೋಡಲು ಬಂದವಳು ಒಬ್ಬ ಕಪ್ಪು ನರ್ಸು. ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದಳು. ಮೆಲುಮಾತಿನವಳು, ಅಡುಗೆಮನೆಯ ಕಿಟಕಿ ಇಷ್ಟವಾಯಿತು ಎಂದಳು. ನಾನು ನಗುನಗುತ್ತಾ ಕಿತ್ತಳೆ ಜ್ಯೂಸು ಕೊಟ್ಟೆ. ಆಮೇಲೆ, ಅಯ್ಯೋ ಪಾಪ, ನಿನ್ನೆ ತಾನೇ ಒಬ್ಬರಿಗೆ ಮಾತು ಕೊಟ್ಟುಬಿಟ್ಟೆವು ಎಂದೆ. ಯಾರೂ ನನಗೆ ಹಾಗೆ ಹೇಳೆಂದು ಹೇಳಿಕೊಟ್ಟಿರಲಿಲ್ಲ. ಸುಳ್ಳು ತಾನಾಗಿ ನಾಲಿಗೆಗೆ ಬಂತು. ಎರಡು ದಿನ ಬಿಟ್ಟು ಒಬ್ಬ ಬಿಳಿಯ ನರ್ಸು ಬಂದಳು. ಅವಳ ಕೈಗೆ ಫಾರಮ್ಮು ಕೊಟ್ಟು, ಯಾವಾಗ ಬರುತ್ತೀರಿ ಎಂದು ಕೇಳಿದೆ.

ಅದರ ಮರುದಿನ ಬೆಲ್ಲು ಹೊಡೆದವರು ಅಜ್ಜಿ. ಮೊದಲು ಬಂದವಳು ಅನುಮಾನಪಟ್ಟು ಅವರಲ್ಲಿಗೆ ಹೋಗಿದ್ದಳು, ಎರಡನೆಯವಳನ್ನು ಕಳಿಸಿದ್ದು ಅವರೇ. ನಿಂತುಕೊಂಡೇ ಎರಡೂ ಹಾಳೆ ಓದಿದರು. ನನ್ನ ಪ್ರತಿಯೊಂದು ಮಾತೂ ಅದರಲ್ಲಿತ್ತು. ಜ್ಯೂಸು ಕೊಟ್ಟು ಸುಳ್ಳು ಹೇಳಿದವರಲ್ಲಿ ನೀನೇ ಮೊದಲಿಗಳು ಎಂದರು. ನಾನು ಗಳಗಳ ಅತ್ತೆ. ಅಳುವುದನ್ನು ಆಮೇಲೆ ಇಟ್ಟುಕೋ, ಮೊದಲು ಅವಳಿಗೆ ಫೋನು ಮಾಡು ಎಂದರು. ಮಾಡಿದೆ. ಮನೆ ನಿಮಗೇ ಎಂದೆ. ಅವಳು, ನಿಮ್ಮ ಮನೆ ನನಗೆ ಬೇಡ ಎಂದಳು.

ಫೋನು ಇಟ್ಟ ಮೇಲೆ ಅಜ್ಜಿ ಕುರ್ಚಿ ಎಳೆದುಕೊಂಡು ಕೂತರು. ನಿನಗೆ ಯಾವತ್ತಾದರೂ ಯಾರಾದರೂ ಹೀಗೆ ಮಾಡಿದ್ದಾರಾ ಎಂದು ಕೇಳಿದರು. ನಾನು ಅಮೆರಿಕಕ್ಕೆ ಬಂದ ಹೊಸದರಲ್ಲಿ, ನಿಮ್ಮ ಒಗ್ಗರಣೆಯ ವಾಸನೆ ಗೋಡೆಗೆ ಹತ್ತುತ್ತದೆ ಎಂದು ಮನೆ ಕೊಡದೆ ಕಳಿಸಿದವನೊಬ್ಬನಿದ್ದ. ಅವನ ಕಥೆ ಶುರುಮಾಡಿದೆ. ಅವನ ಮುಖ, ಅವನ ನಗು, ನಾನು ಬಸ್ಸಿನಲ್ಲಿ ಅತ್ತದ್ದು, ಎಲ್ಲ ಆವೇಶದಿಂದ ಹೇಳುತ್ತಿದ್ದವಳಿಗೆ ನಡುವೆಯೇ ನನ್ನ ಮಾತು ನನಗೇ ಕೇಳಿಸಿ ನಿಂತುಬಿಟ್ಟೆ. ಅಜ್ಜಿ, ಶನಿವಾರ ಬಿಡುವಿದೆಯಾ, ನಿನ್ನಂಥವಳು ನನ್ನ ಕೆಲಸಕ್ಕೆ ಬೇಕು ಎಂದರು. ಅಂದಿನಿಂದ ಎಷ್ಟೋ ಶನಿವಾರ ನಾನು ಅವರ ಪರವಾಗಿ ಮನೆ ಹುಡುಕುವವಳ ಹಾಗೆ ಹೋಗಿ ಬಾಗಿಲುಗಳನ್ನು ತಟ್ಟಿದೆ. ಮಗಳು ಅವರ ಅಡುಗೆಮನೆಯಲ್ಲೇ ಆಡಿ ಬೆಳೆದಳು. ಈಗ ಲಾ ಓದುತ್ತಿದ್ದಾಳೆ. ಯಾಕೆ ಲಾ ಎಂದು ಯಾರಾದರೂ ಕೇಳಿದರೆ, ನಮ್ಮಜ್ಜಿ, ನಮ್ಮಮ್ಮ ಎಂದು ಎದೆಯುಬ್ಬಿಸಿ ಹೇಳುತ್ತಾಳೆ. ನನ್ನ ಪ್ರಾಣ ಹಿಂಡಿದ್ದು ಅದೇ. ಸಂಘದವರು ಆಡಿಕೊಂಡರೆ ನಾಲ್ಕು ದಿನ ಸಹಿಸಬಹುದು. ಮಗಳ ಕಣ್ಣಲ್ಲಿ ಇಳಿದುಹೋದರೆ ಏನು ಮಾಡಲಿ?

ವಾರವಿಡೀ ಬರೆದೆ, ಅಳಿಸಿದೆ. ‘ಕೆಲವರು’ ಎಂದು ಬರೆದೆ, ‘ಕಾಲದ ದೋಷ’ ಎಂದು ಬರೆದೆ. ಯಾವುದೂ ಅಜ್ಜಿಯ ಮುಂದೆ ನಿಲ್ಲುವುದಿಲ್ಲ ಎಂದು ಗೊತ್ತಿತ್ತು. ಕೊನೆಗೆ ನೇರವಾಗಿ ಬರೆದು ಕಳಿಸಿದೆ. ಸಂಘದ ಅಧ್ಯಕ್ಷರು, ಬೆಂಗಳೂರಿನವರು, ಬಲು ಮೃದುಸ್ವಭಾವದವರು, ಹತ್ತೇ ನಿಮಿಷದಲ್ಲಿ ಫೋನು ಮಾಡಿದರು. “ಮೇಡಂ, ಇದೊಂದು ಪ್ಯಾರಾ ಬೇಕಾ? ಬಿನ್ನವತ್ತಳೇಲಿ ಯಾರೂ ಇಂಥದ್ದೆಲ್ಲ ಹಾಕಲ್ಲ. ನಿಮಗೇ ಮುಜುಗರ ಆಗುತ್ತೆ ಅಂತ ಅಷ್ಟೆ.” ಪಾಪ, ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೆ ನನ್ನ ಸ್ವಭಾವ ನೋಡಿ, ಬೇಡ ಎಂದರೆ ಸಾಕು, ಹಟ ಬಂದುಬಿಡುತ್ತದೆ. ಹಾಕುವುದಾದರೆ ಇದೇ, ಇಲ್ಲದಿದ್ದರೆ ಬೇರೆಯವರ ಕೈಲಿ ಬರೆಸಿ ಎಂದು ಫೋನು ಇಟ್ಟೆ.

ಮಗಳಿಗೆ ಮೊದಲೇ ಹೇಳಬೇಕಿತ್ತು. ಅಜ್ಜಿಗೂ ಅವರ ಗೆಳತಿಯರಿಗೂ ಅರ್ಥವಾಗಲೆಂದು ಪ್ರತಿ ಪ್ಯಾರಾ ಆದಮೇಲೆ ಅದರ ಇಂಗ್ಲಿಷ್ ಅನುವಾದ ಓದುವವಳು ಅವಳೇ. ಮೂರು ಸಲ ಫೋನು ಎತ್ತಿಕೊಂಡೆ, ಮೂರು ಸಲವೂ ಊಟ ಆಯಿತಾ ಎಂದು ಕೇಳಿ ಇಟ್ಟೆ. ಕೊನೆಯ ಪ್ಯಾರಾದ ಇಂಗ್ಲಿಷ್ ಹಾಳೆಯನ್ನು ಇನ್ನೂ ತಿದ್ದುವುದಿದೆ ಎಂದು ನನ್ನ ಬಳಿಯೇ ಇಟ್ಟುಕೊಂಡೆ. ಹೇಡಿ ಎಂದರೆ ನನ್ನಂಥವಳು.

ಕಾರ್ಯಕ್ರಮ ಡಬ್ಲಿನ್‌ನ ಒಂದು ಶಾಲೆಯ ಹಾಲಿನಲ್ಲಿ. ಅಜ್ಜಿ ತಮ್ಮ ಚರ್ಚಿನ ಮೂವರು ಗೆಳತಿಯರೊಂದಿಗೆ ಬಂದರು. ನಾಲ್ವರ ತಲೆಯ ಮೇಲೂ ಅಗಲವಾದ, ಹೂವು ಸಿಕ್ಕಿಸಿದ ಹ್ಯಾಟುಗಳು. ನಮ್ಮ ಹೆಂಗಸರು ಆ ಹ್ಯಾಟು ನೋಡಿದ್ದೇ ನೋಡಿದ್ದು, ಅವರು ನಮ್ಮ ರೇಷ್ಮೆ ಸೀರೆ ಮುಟ್ಟಿದ್ದೇ ಮುಟ್ಟಿದ್ದು. ಮೈಸೂರು ಪೇಟ ತೊಡಿಸಲು ಹೋದರೆ ಅಜ್ಜಿ ಹ್ಯಾಟು ತೆಗೆಯಲು ಸುತರಾಂ ಒಪ್ಪಲಿಲ್ಲ. ಅಧ್ಯಕ್ಷರು ಒಂದು ನಿಮಿಷ ಯೋಚಿಸಿ, ಪೇಟವನ್ನು ಹ್ಯಾಟಿನ ಮೇಲೆಯೇ ಕೂರಿಸಿದರು. ಹಾಲೆಲ್ಲ ಚಪ್ಪಾಳೆ.

ಓದಲು ಶುರುಮಾಡಿದೆ. ಮಗಳು ಇಂಗ್ಲಿಷ್ ಓದಿದಾಗಲೆಲ್ಲ ಆ ಮೂವರು ಗೆಳತಿಯರು ಕೂತಲ್ಲಿಂದಲೇ ಗಟ್ಟಿಯಾಗಿ ಹೂಂಗುಟ್ಟುತ್ತಿದ್ದರು, ಹೇಳು ಹೇಳು ಎನ್ನುತ್ತಿದ್ದರು. ಅದು ಅವರ ಚರ್ಚಿನ ರೂಢಿ. ಸಭೆಯಲ್ಲಿ ಉಸಿರೆತ್ತದೆ ಕೂರುವ ನಮ್ಮವರು ಮೊದಲು ತಬ್ಬಿಬ್ಬಾದರು. ಮೂರನೇ ಪ್ಯಾರಾ ಹೊತ್ತಿಗೆ ಹಿಂದಿನ ಸಾಲಿನ ಹಿರಿಯರೂ ಹೌದು ಹೌದು ಎಂದು ದನಿಗೂಡಿಸಿದರು. ನನ್ನ ಬಿನ್ನವತ್ತಳೆಗೆ ಅಂಥ ಭಾಗ್ಯ ಎಂದೂ ಬಂದಿರಲಿಲ್ಲ.

ಕೊನೆಯ ಪ್ಯಾರಾ ಬಂತು. ಮಗಳ ಕೈಗೆ ಇಂಗ್ಲಿಷ್ ಹಾಳೆ ಕೊಟ್ಟು, ಅವಳ ಮುಖ ನೋಡದೆ ಕನ್ನಡದ್ದನ್ನು ಓದಿದೆ. ‘ಈ ಪತ್ರ ಬರೆದವಳು ಒಬ್ಬ ನರ್ಸಿಗೆ ಮನೆ ಇಲ್ಲವೆಂದು ಸುಳ್ಳು ಹೇಳಿದಳು. ಕಾರಣ ಆಕೆಯ ಬಣ್ಣ. ತಾವು ಬಂದು ಬಾಗಿಲು ತಟ್ಟಿದಿರಿ.’ ನನ್ನ ಮಗಳಿಗೆ ಕನ್ನಡ ಮಾತಾಡಲು ಅಷ್ಟಾಗಿ ಬರುವುದಿಲ್ಲ, ಆದರೆ ಅರ್ಥವಾಗದ ಮಾತಿಲ್ಲ. ಅವಳ ಸರದಿ ಬಂತು, ಅವಳು ಓದಲಿಲ್ಲ. ಗೆಳತಿಯರಲ್ಲೊಬ್ಬರು ಮೆಲ್ಲಗೆ, ಹೇಳು ಎಂದರು. ಆಗ ಅವಳು ಓದಿದಳು. ‘ಈ ಪತ್ರ ಬರೆದವಳು’ ಎಂದಿದ್ದಲ್ಲಿ ಅವಳು ‘ನನ್ನ ತಾಯಿ’ ಎಂದಳು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು, ಜೊತೆಗೇ ಎಷ್ಟೋ ವರ್ಷದಿಂದ ಹಿಡಿದಿಟ್ಟಿದ್ದ ಉಸಿರು ಹೊರಗೆ ಬಂತು.

ಚಪ್ಪಾಳೆ ತಡವಾಗಿ ಬಂತು, ಆದರೆ ಬಂತು. ಅಜ್ಜಿ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಈಗ ಇದು ನನ್ನ ಬಗ್ಗೆ ಬರೆದದ್ದು ಅನ್ನಿಸುತ್ತದೆ ಎಂದರು. ಒಂದಿಬ್ಬರು ನನ್ನ ಕಣ್ಣು ತಪ್ಪಿಸಿ ಓಡಾಡಿದರು. ಡಬ್ಲಿನ್‌ನಲ್ಲಿ ಎರಡು ಮನೆ ಬಾಡಿಗೆಗೆ ಕೊಟ್ಟಿರುವ ಒಬ್ಬರು ಹತ್ತಿರ ಬಂದು ಏನೋ ಹೇಳಲು ಹೊರಟು, ಸಾರು ಚೆನ್ನಾಗಿದೆ ಎಂದು ಹೋದರು.

ಊಟದ ಸಾಲಿನಲ್ಲಿ ನಿಂತಿದ್ದೆ, ಪಕ್ಕದಲ್ಲಿ ಅಜ್ಜಿ ಹೋಳಿಗೆ ತಿನ್ನುತ್ತಿದ್ದರು. ಮಗಳು ಬಂದಳು. ಯಾಕೆ ಮುಚ್ಚಿಟ್ಟೆ ಎನ್ನುತ್ತಾಳೆ, ಲೈಬ್ರರಿಯ ಸುಳ್ಳನ್ನು ಎತ್ತುತ್ತಾಳೆ ಎಂದು ಉತ್ತರಗಳನ್ನೆಲ್ಲ ಜೋಡಿಸಿಕೊಂಡಿದ್ದೆ. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಕನ್ನಡದಲ್ಲಿ ಕೇಳಿದಳು.

“ಅಮ್ಮಾ, ಆ ನರ್ಸ್ ಹೆಸರು ಏನು?”

ನನಗೆ ನೆನಪಿರಲಿಲ್ಲ. ಅವಳ ಯೂನಿಫಾರ್ಮಿನ ಬಣ್ಣ ನೆನಪಿತ್ತು, ಅವಳು ಕಿಟಕಿ ಮುಟ್ಟಿದ್ದು ನೆನಪಿತ್ತು, ಜ್ಯೂಸಿನ ಗ್ಲಾಸು ನೆನಪಿತ್ತು. ಇಷ್ಟು ಧೈರ್ಯ ಮಾಡಿ ಬರೆದ ಪ್ಯಾರಾದಲ್ಲೂ ಅವಳು ಬರೀ ಒಬ್ಬ ನರ್ಸು. ಒಂದು ಸಲವೂ ಅದು ನನಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು, ಸ್ಟೇಜಿನ ಮೇಲೆ ಆದದ್ದಕ್ಕಿಂತ ಹೆಚ್ಚು.

ಮಗಳು ಅದನ್ನೇ ಅಜ್ಜಿಗೆ ಇಂಗ್ಲಿಷಿನಲ್ಲಿ ಕೇಳಿದಳು. ಅಜ್ಜಿ ಹೋಳಿಗೆ ನುಂಗಿ, ಅವಳ ಹೆಸರನ್ನೂ ಮನೆತನದ ಹೆಸರನ್ನೂ ನಿಧಾನವಾಗಿ ಹೇಳಿದರು. ಹೇಳಿ, ಈಗ ನೀನು ಹೇಳು ಎಂದು ನನ್ನತ್ತ ನೋಡಿದರು. ಹೇಳಿದೆ. ಕೇಳಿಸಲಿಲ್ಲ ಬೇಬಿ ಎಂದರು. ತಟ್ಟೆ ಕೆಳಗಿಟ್ಟು ಜೋರಾಗಿ ಹೇಳಿದೆ. ಬಿಸಿಬೇಳೆ ಬಾತಿಗೆ ನಿಂತಿದ್ದವರೆಲ್ಲ ಹಿಂತಿರುಗಿ ನೋಡಿದರು, ಮಗಳು ನನ್ನ ಜೊತೆಗೆ ಇನ್ನೊಂದು ಸಲ ಹೇಳಿದಳು.