ಜಗ್ಗಿನ ತಳದ ಗುರುತುಗಳು

ಹಾಲಿನ ಬೆಳ್ಳಿ ಜಗ್ಗಿನ ತಳದಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾಗಿ ಒತ್ತಿದ ಒಂದು ಲಂಗರು ಇತ್ತು. ಅದರ ಪಕ್ಕದಲ್ಲಿ ನಡೆಯುವ ಸಿಂಹ, ವರ್ಷ ಸೂಚಿಸುವ ಒಂದು ಅಕ್ಷರ, ಮಾಡಿದವನ ಹೆಸರಿನ ಮೊದಲಕ್ಷರಗಳು.

ಜಗ್ಗನ್ನು ತಂದವರು ದೋಹಾದ ಅಲ್ ಸದ್ದ್ ಬಡಾವಣೆಯ ನಮ್ಮ ಕಟ್ಟಡದ ಕೆಳಮನೆಯ ಆಂಟಿ. ಉಡುಪಿ ಕಡೆಯವರು. ಅವರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಕುಟುಂಬ ತನ್ನ ದೇಶಕ್ಕೆ ಮರಳುವಾಗ ಅದನ್ನು ಕೊಟ್ಟುಹೋಗಿತ್ತು. ತೊಂಬತ್ತರ ದಶಕದ ಆ ವರ್ಷಗಳಲ್ಲಿ ನಾನು ಅಲ್ಲಿನ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ಬೆಳ್ಳಿ ಸಾಮಾನುಗಳಿಗೆ ವಿವರದ ಚೀಟಿ ಬರೆಯುತ್ತಿದ್ದೆ. ನನ್ನ ಇತಿಹಾಸದ ಎಂ.ಎ. ಅಲ್ಲಿ ಬೇರೆ ಯಾವುದಕ್ಕೂ ಬೇಕಾಗಿರಲಿಲ್ಲ.

"ಲಂಗರು ಉಂಟಲ್ಲ, ನಮ್ಮ ಮಲ್ಪೆ ಹಾಗಿನ ಬಂದರಿನದ್ದೇ ಇದು," ಎಂದರು ಆಂಟಿ.

"ಅಲ್ರೀ ಆಂಟಿ. ಲಂಗರು ಅಂದ್ರ ಬರ್ಮಿಂಗ್‌ಹ್ಯಾಮ್. ಆ ಊರಿಗೆ ಸಮುದ್ರನ ಇಲ್ಲ."

"ಸಮುದ್ರ ಇಲ್ಲದವರಿಗೆ ಲಂಗರು ಎಂತಕ್ಕೆ ಮಾರಾಯ್ತಿ? ನಿಮ್ಮ ಧಾರವಾಡದವರು ದೋಣಿ ಇಟ್ಟ ಹಾಗಾಯ್ತು!"

ನಗು ಬಂತು. ಬೆಳ್ಳಿಯನ್ನು ಪರೀಕ್ಷಿಸಿದ ಊರು ತನ್ನ ಗುರುತು ಒತ್ತುತ್ತದೆ, ಚಿರತೆಯ ಮುಖವಿದ್ದರೆ ಲಂಡನ್, ಹಳೆಯ ಮಾಲಿನಲ್ಲಿ ಕಿರೀಟವಿದ್ದರೆ ಷೆಫೀಲ್ಡ್, ಸಿಂಹವಿದ್ದರೆ ಬೆಳ್ಳಿ ಅಸಲಿ ಎಂದು ವಿವರಿಸಿದೆ.

"ಅಸಲಿಯಾ? ಹಾಗಾದ್ರೆ ಖಲಾಸ್. ನಾಳೆ ಸೂಕ್ ಪೇಟೆಯ ಕೆತ್ತುವವನ ಅಂಗಡಿಗೆ ಕೊಡುವುದು. ತಳ ಉಜ್ಜಿ ನುಣುಪು ಮಾಡಿ ಹೆಸರು ಹಾಕ್ತಾನಂತೆ."

ಮಗಳ ಮದುವೆಗೆ ಕಳಿಸುವ ಉಡುಗೊರೆ ಅದು. ಪಾತ್ರೆಯ ತಳಕ್ಕೆ ಹೆಸರು ಹಾಕಿಸಿ ಕೊಡುವುದು ನಮ್ಮೂರಲ್ಲೂ ಇದ್ದದ್ದೇ. ಆದರೆ ಗುರುತುಗಳು ಅಳಿಸಿದರೆ ಇದು ಎಲ್ಲಿಯದೆಂದು ಯಾರಿಗೂ ತಿಳಿಯುವುದಿಲ್ಲ ಎಂದೆ.

ಆಂಟಿ ಜಗ್ಗನ್ನು ಮಡಿಲಿಗೆ ಎಳೆದುಕೊಂಡರು. "ಈಗ ಕೆಲಸ ಮಾಡುವ ಹೊಸ ಮನೆಯವರು ರಜೆ ಕೊಡ್ಲಿಲ್ಲ, ಗೊತ್ತುಂಟಲ್ಲ? ಮದುವೆಗೆ ನಾನಿಲ್ಲ. ಹೆಸರೂ ಇಲ್ಲದಿದ್ರೆ ಅಮ್ಮ ಎಂತ ಕೊಟ್ಟಳು ಅಂತ ಯಾರು ಹೇಳುವುದು? ನಿನ್ನ ಬರ್ಮಿಂಗ್‌ಹ್ಯಾಮ್ ಬಂದು ಹೇಳ್ತದಾ?"

ಹಳೆಯ ಪಾತ್ರೆಯ ಮೇಲೆ ಯಾರೋ ಆಮೇಲೆ ಕೊರೆಸಿದ ಹೆಸರನ್ನು ನಮ್ಮ ಅಂಗಡಿಯ ಚೀಟಿಗಳಲ್ಲಿ ದೋಷವೆಂದು ಬರೆಯುತ್ತಿದ್ದೆವು. ಅದನ್ನು ಅವರಿಗೆ ಹೇಳಲಿಲ್ಲ. ಜಗ್ಗನ್ನು ಕೇಳಿ ತೆಗೆದುಕೊಂಡು, ಹಾಲು ಸುರಿಯುವ ಬಾಯಿಯ ಕೆಳಗಿನ ಖಾಲಿ ಜಾಗವನ್ನು ತೋರಿಸಿದೆ.

"ಇಲ್ಲಿ ಹಾಕಸ್ರಿ. ತಳದಾಗ ಹಾಕಿಸಿದ್ರ ತೊಳೆಯೋರಿಗಷ್ಟ ಕಾಣತದ."

ಅವರು ಬೆರಳಿನಿಂದ ಆ ಜಾಗವನ್ನು ಸವರಿದರು. "ಆ ಕೆತ್ತುವವನಿಗೆ ಕನ್ನಡ ಬರುವುದಿಲ್ಲ. ನನಗೆ ಇಂಗ್ಲಿಷ್‌ನಲ್ಲಿ ಬೇಡ."

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ನಾನೇ ಜಗ್ಗನ್ನು ಸೂಕಿಗೆ ಒಯ್ದೆ. 'ಅಮ್ಮನಿಂದ' ಎಂದು ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಟ್ಟು, ಕೆತ್ತುವವನು ಒತ್ತಕ್ಷರ ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದೆ.