ವಾಕರ್ ಎಂದರೆ ನಡೆಯುವವನಲ್ಲ

ಕಳೆದ ವರ್ಷ ನೈರೋಬಿಯ ನಮ್ಮ ಅಪ್ಪರ್ ಹಿಲ್ ಆಸ್ಪತ್ರೆಗೆ ಲಂಗಾಟಾ ಕಡೆಯ ಇಂಗ್ಲಿಷ್ ಮುದುಕರೊಬ್ಬರು ದಾಖಲಾದರು. ಮನೆಯ ಮೆಟ್ಟಿಲ ಮೇಲೆ ಜಾರಿ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆದ ಮೇಲೆ ಅವರನ್ನು ಮತ್ತೆ ನಡೆಸುವ ಕೆಲಸ ಫಿಸಿಯೋಥೆರಪಿಸ್ಟ್ ಆದ ನನ್ನ ಪಾಲಿಗೆ ಬಂತು. ಎಂಬತ್ತರ ಆಸುಪಾಸಿನ ವಯಸ್ಸು, ಮಾತು ಕಡಿಮೆ. ಅವರ ಮನೆತನದ ಹೆಸರು ವಾಕರ್.

ರೋಗಿಗಳು ಹಿಡಿದು ನಡೆಯುವ ನಾಲ್ಕು ಕಾಲಿನ ಚೌಕಟ್ಟಿಗೂ ನಾವು ವಾಕರ್ ಎಂದೇ ಅನ್ನುವುದು. ಹಾಗಾಗಿ ವಾರ್ಡಿನಲ್ಲಿ ಮೊದಲ ದಿನದಿಂದಲೇ ಗೊಂದಲ. ವಾಕರ್ ಬೇಕು ಎಂದು ನಾನು ಹೇಳಿ ಕಳಿಸಿದರೆ ನರ್ಸ್ ಮುದುಕರನ್ನೇ ಗಾಲಿಕುರ್ಚಿಯಲ್ಲಿ ಕೂರಿಸಿ ತಂದಿದ್ದರು.

ಮೂರನೆಯ ದಿನ ಅವರು ಚೌಕಟ್ಟು ಹಿಡಿದು ನಿಂತಿದ್ದರೂ ಹೆಜ್ಜೆ ಎತ್ತಲು ಹೆದರುತ್ತಿದ್ದರು. 'ಪೋಲೆ ಪೋಲೆ', ನಿಧಾನ ನಿಧಾನ, ಎಂದು ಸ್ವಾಹಿಲಿಯಲ್ಲಿ ಹೇಳುತ್ತ ನರ್ಸ್ ಬೆನ್ನಿಗೆ ಕೈ ಕೊಟ್ಟಿದ್ದರು. ಆಗ ದಾವಣಗೆರೆ ಕಡೆಯ ನಮ್ಮ ಮೂಳೆ ಡಾಕ್ಟರು ಬಂದರು.

"ಏನ್ ಮೇಡಂ, ವಾಕರ್‌ಗೆ ವಾಕರ್ ಕೊಟ್ರೂ ವಾಕ್ ಮಾಡ್ತಿಲ್ವಾ?"

ನಾನೂ ನಕ್ಕುಬಿಟ್ಟೆ. ಕನ್ನಡ ಬಾರದಿದ್ದರೇನು, ತಮ್ಮ ಹೆಸರು ಎರಡು ಸಲ ಬಂದದ್ದು, ಅದರ ಹಿಂದೆ ನಗು ಬಂದದ್ದು ಮುದುಕರಿಗೆ ತಿಳಿದಿತ್ತು. ಹಾಸಿಗೆಯ ಮೇಲೆ ಕೂತವರು ಆ ದಿನ ಮತ್ತೆ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಹೋಗಿ ಕ್ಷಮೆ ಕೇಳಿದೆ.

"ಶಾಲೆಯ ದಿನಗಳಿಂದ ಇದೇ ತಮಾಷೆ ಕೇಳುತ್ತಿದ್ದೇನೆ," ಎಂದರು. "ನಗುವವರಲ್ಲಿ ಒಬ್ಬರಿಗಾದರೂ ಅರ್ಥ ಗೊತ್ತಿರಬೇಡವೇ?"

"ನನಗೆ ಗೊತ್ತಿಲ್ಲ. ಹೇಳಿ."

ಅಷ್ಟು ದಿನದಲ್ಲಿ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು. ಹಿಂದೆ ಇಂಗ್ಲೆಂಡಿನಲ್ಲಿ ಮಗ್ಗದಿಂದ ಇಳಿಸಿದ ಉಣ್ಣೆ ಬಟ್ಟೆ ಒರಟಾಗಿ, ಜಾಳುಜಾಳಾಗಿ ಇರುತ್ತಿತ್ತಂತೆ. ಅದನ್ನು ತೊಟ್ಟಿಗೆ ಹಾಕಿ, ನೀರು, ಜಿಡ್ಡು ಹೀರುವ ಜೇಡಿಮಣ್ಣು, ಹಳಸಿದ ಮೂತ್ರ ಕೂಡ ಸುರಿದು ಗಂಟೆಗಟ್ಟಲೆ ಬರಿಗಾಲಲ್ಲಿ ತುಳಿಯಬೇಕಿತ್ತು. ಆಗ ಬಟ್ಟೆ ಕುಗ್ಗಿ ದಟ್ಟವಾಗುತ್ತಿತ್ತು. ಹಾಗೆ ತುಳಿಯುವವನೇ ವಾಕರ್. ಅದೇ ಕೆಲಸದವನಿಗೆ ಉತ್ತರದ ಕಡೆ ವಾಕರ್ ಎಂದರೆ, ಆಗ್ನೇಯದಲ್ಲಿ ಫುಲ್ಲರ್, ನೈಋತ್ಯದಲ್ಲಿ ಟಕ್ಕರ್. ನೀರಿನಿಂದ ತಿರುಗುವ ಗಿರಣಿಗಳು ಬಂದ ಮೇಲೆ ಕಾಲಿಗೆ ಕೆಲಸ ಹೋಯಿತು, ಹೆಸರು ಉಳಿಯಿತು.

"ನನ್ನ ವಂಶದವರು ಎಲ್ಲಿಗೂ ನಡೆದು ಹೋದವರಲ್ಲ. ನಿಂತಲ್ಲೇ ತುಳಿದವರು," ಎಂದರು.

"ಹಾಗಾದರೆ ಇವತ್ತು ಮುಂದೆ ಹೋಗುವುದು ಬೇಡ. ನಿಂತಲ್ಲೇ ತುಳಿಯಿರಿ," ಎಂದೆ. ಅದೇನು ಹೊಸ ವ್ಯಾಯಾಮವಲ್ಲ, ಎಲ್ಲರಿಗೂ ಹೇಳಿಕೊಡುವುದೇ. ಅವರು ನನ್ನನ್ನೊಮ್ಮೆ ಅನುಮಾನದಿಂದ ನೋಡಿ ಎದ್ದರು. ಎಡಗಾಲು ಚೆನ್ನಾಗಿ ಎದ್ದಿತು, ಬಲಗಾಲು ನೆಲ ಬಿಟ್ಟಿತು ಅಷ್ಟೆ. ವಾರದೊಳಗೆ ಕಾರಿಡಾರಿನ ಕೊನೆ ಮುಟ್ಟಿದರು. ಹತ್ತು ದಿನಕ್ಕೆ ಮನೆಗೆ ಹೋದರು.

ತಿಂಗಳ ಮೇಲೆ ತಪಾಸಣೆಗೆ ಬಂದಾಗ ಕೈಯಲ್ಲಿ ಬರೀ ಕೋಲಿತ್ತು. ನನ್ನ ಎದೆಯ ಮೇಲಿನ ಬ್ಯಾಡ್ಜ್ ಓದಿ, "ನಿಮ್ಮ ಸರ್‌ನೇಮ್‌ಗೆ ಏನರ್ಥ?" ಎಂದು ಕೇಳಿದರು.

ನಮ್ಮ ಮನೆಯಲ್ಲಿ ಸರ್‌ನೇಮ್ ಎಂಬುದೇ ಇರಲಿಲ್ಲ, ಇನಿಷಿಯಲ್ ಇತ್ತು. ಪಾಸ್‌ಪೋರ್ಟಿಗಾಗಿ ಅದನ್ನು ಬಿಡಿಸಿ ಬರೆದಾಗ ಅಪ್ಪನ ಊರು ನನ್ನ ಸರ್‌ನೇಮ್ ಆಗಿತ್ತು. ಅರ್ಥ ಗೊತ್ತಿರಲಿಲ್ಲ. ಭಾನುವಾರ ಮೈಸೂರಿಗೆ ಫೋನ್ ಮಾಡಿದಾಗ ಅಮ್ಮನನ್ನು ಕೇಳಿದೆ.

"ಊರ ಹೆಸರಿಗೆ ಎಂಥ ಅರ್ಥವೇ? ನಿಮ್ಮಪ್ಪನೇ ಆ ಊರು ನೋಡಿದ್ದು ಒಂದೋ ಎರಡೋ ಸಲ," ಎಂದಳು.

ಮುಂದಿನ ತಪಾಸಣೆಯಲ್ಲಿ ಅದನ್ನೇ ಹೇಳಿದೆ. ಅವರು ನಗಲಿಲ್ಲ. "ವಿಚಾರಿಸಿ," ಎಂದು ಹೇಳಿ ಎಕ್ಸ್‌ರೇ ಕೋಣೆಯ ಕಡೆ ಹೋದರು. ನಾನಿನ್ನೂ ವಿಚಾರಿಸಿಲ್ಲ.