ಟರ್ಕಿಯ ನಿಯಮ, ನಮ್ಮ ಐದನೆಯ ಸ್ಥಾನ

ನನಗೆ ಚೆಂಡು ಒದೆಯಲು ಬರುವುದಿಲ್ಲ, ಒದ್ದವರ ಲೆಕ್ಕ ಬರೆಯಲು ಬರುತ್ತದೆ. ಸೌದಿಯ ಅಲ್ ಅಹ್ಸಾದ ನಮ್ಮ ಪುತ್ತೂರು ತಂಡಕ್ಕಾಗಿ ಕಳೆದ ವರ್ಷ ನಾನು ಆಡಿದ್ದು ಒಟ್ಟು ಹದಿನೇಳು ನಿಮಿಷ. ಬರೆದದ್ದು ನಲವತ್ತೊಂದು ಪುಟ.

ಇದಕ್ಕೆಲ್ಲ ಮೂಲ ನಮ್ಮ ಬೀದಿಯ ಕ್ಷೌರಿಕ, ಟರ್ಕಿಯ ಯೂಸುಫ್ ಉಸ್ತಾ. ತಿಂಗಳಿಗೆ ಎರಡು ಸಲ ಅವರ ಕತ್ತರಿಗೆ ತಲೆ ಒಪ್ಪಿಸಿ ಅವರ ದೇಶದ ಫುಟ್‌ಬಾಲ್ ಕಲಿತೆ. ಎಲ್ಲಕ್ಕಿಂತ ಮೇಲೆ ಸೂಪರ್ ಲೀಗ್, ಅದರ ಕೆಳಗೆ ವೃತ್ತಿಪರರದ್ದೇ ಇನ್ನೂ ಮೂರು ಮೆಟ್ಟಿಲು. ವರ್ಷದ ಕೊನೆಗೆ ತಳದಲ್ಲಿದ್ದವರು ಒಂದು ಮೆಟ್ಟಿಲು ಇಳಿಯಬೇಕು, ಕೆಳಗೆ ಗೆದ್ದವರು ಏರಬೇಕು. ಟ್ರೋಫಿ ಹೆಚ್ಚಾಗಿ ಇಸ್ತಾಂಬುಲಿನ ಮೂವರ ನಡುವೆಯೇ ಸುತ್ತುತ್ತದೆ: ಹಳದಿ-ಕೆಂಪು, ಹಳದಿ-ಕಡುನೀಲಿ, ಕಪ್ಪು-ಬಿಳುಪು. ಅಪರೂಪಕ್ಕೆ ಕಪ್ಪು ಸಮುದ್ರದ ದಂಡೆಯ ಕಂದುಗೆಂಪು-ನೀಲಿಯವರು ಬಂದು ಕಸಿದುಕೊಂಡು ಹೋಗುತ್ತಾರೆ. ಉಸ್ತಾ ಕ್ಲಬ್ಬುಗಳ ಹೆಸರು ಹೇಳುವುದಿಲ್ಲ, ಬಣ್ಣ ಹೇಳುತ್ತಾರೆ.

ನಮ್ಮ ಶುಕ್ರವಾರದ ಆಟಕ್ಕೂ ಈ ಏರಿಳಿತ ತರೋಣವೆಂದು ಹನ್ನೆರಡು ತಂಡಗಳನ್ನು ಒಪ್ಪಿಸಿದವನು ನಾನೇ. ಮೇಲಿನ ಆರಕ್ಕೆ ಹುಲ್ಲುಹಾಸಿನ ಮೈದಾನ, ಕೆಳಗಿನ ಆರಕ್ಕೆ ಖರ್ಜೂರದ ತೋಟದ ಹಿಂದಿನ ಜಲ್ಲಿ ನೆಲ. ತಕರಾರು ಬಂದರೆ ಟರ್ಕಿಯ ನಿಯಮವೇ ಅಂತಿಮ ಎಂದು ಬರೆದು ಎಲ್ಲರ ಸಹಿಯನ್ನೂ ಹಾಕಿಸಿದೆ.

ಹತ್ತು ಪಂದ್ಯ ಮುಗಿದಾಗ ನಾವೂ ಭಟ್ಕಳದವರೂ ತಲಾ ಒಂಬತ್ತು ಅಂಕದೊಂದಿಗೆ ಮೇಲಿನ ಆರರ ತಳದಲ್ಲಿದ್ದೆವು. ಇಳಿಯಬೇಕಾದದ್ದು ಆರನೆಯ ತಂಡ ಮಾತ್ರ. ಗೋಲುಗಳ ವ್ಯತ್ಯಾಸದಲ್ಲಿ ನಾವು ನಾಲ್ಕು ಮುಂದೆ. ಹಾಗಾಗಿ ನಾವು ಐದನೆಯವರು, ಉಳಿದುಕೊಂಡೆವು ಎಂದು ಘೋಷಿಸಿದೆ. ನಾಯಕ ಹಮೀದಾಕ ತಂಡಕ್ಕೆಲ್ಲ ಅರಬ್ಬರ ಮಾಂಸದನ್ನ ಕಬ್ಸಾ ತಿನ್ನಿಸಿದರು.

ಮರುದಿನ ಕ್ಷೌರದ ಕುರ್ಚಿಯಲ್ಲಿ ಕುಳಿತು ಉಸ್ತಾಗೆ ಪಟ್ಟಿ ತೋರಿಸಿದೆ. ಅವರು ತಮ್ಮ ಹರಕು ಹಿಂದಿಯಲ್ಲಿ ಕೇಳಿದರು, "ನೀವಿಬ್ಬರೂ ಎದುರುಬದುರಾದಾಗ ಗೆದ್ದದ್ದು ಯಾರು?"

"ಎರಡೂ ಸಲ ಅವರೇ."

"ಹಾಗಾದರೆ ಇಳಿಯುವುದು ನೀವು. ಅಂಕ ಸಮವಾದರೆ ನಮ್ಮಲ್ಲಿ ಮೊದಲು ನೋಡುವುದು ಅದನ್ನೇ. ಗೋಲಿನ ಲೆಕ್ಕ ಆಮೇಲೆ."

ಹನ್ನೆರಡು ತಂಡಗಳಲ್ಲಿ ಇದು ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ. ಮೂರು ದಿನ ಬಾಯಿಬಿಡಲಿಲ್ಲ. ಆ ಮೂರು ದಿನ ಲೆಕ್ಕದ ಪುಸ್ತಕದ ಪುಟಗಳೂ ಖಾಲಿ. ನಾಲ್ಕನೆಯ ದಿನ ಹಮೀದಾಕನಿಗೆ ಹೇಳಿಬಿಟ್ಟೆ.

"ನಿನಗೆಂತ ಮರ್ಲಾ ಮಾರಾಯ? ತಲೆ ಬೋಳಿಸಲಿಕ್ಕೆ ಹೋದವ ನಮ್ಮನ್ನೆಲ್ಲ ಬೋಳಿಸಿ ಬಂದೆಯಲ್ಲ. ಭಟ್ಕಳದವರು ಕೇಳಿದ್ರಾ?"

"ಇಲ್ಲ."

"ಮತ್ತೆಂತ?"

"ಪುಸ್ತಕದಲ್ಲಿ ತಪ್ಪುಂಟು, ಹಮೀದಾಕ."

ಅವರು ನನ್ನನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿದರು. "ತಿಂದ ಕಬ್ಸಾ ವಾಪಸ್ ಕೊಡು" ಎಂದರು. ಆಮೇಲೆ ತಾವೇ ಭಟ್ಕಳ ತಂಡದ ಜಾವೇದ್ ಭಾಯಿಗೆ ಫೋನ್ ಹಚ್ಚಿದರು.

ಜಲ್ಲಿಯ ಮೇಲೆ ಈಗ ಐದು ಶುಕ್ರವಾರಗಳಾಗಿವೆ. ಗೀರಿದ ಮಂಡಿಗಳು ಹನ್ನೊಂದು, ಹರಿದ ಬೂಟುಗಳು ಮೂರು ಜೊತೆ, ಗೆಲುವು ನಾಲ್ಕು. ಮೇಲಿದ್ದಾಗ ಇಡೀ ವರ್ಷಕ್ಕೆ ಗೆದ್ದದ್ದು ಮೂರೇ. ಪಟ್ಟಿಯ ಮೇಲ್ತುದಿಯಲ್ಲಿ ನಮ್ಮ ಹೆಸರನ್ನು ಮೊದಲ ಸಲ ಬರೆದ ಸಂಜೆ ಹಮೀದಾಕ ಅದನ್ನು ನಾಲ್ಕು ಸಲ ಓದಿಸಿಕೊಂಡರು.

ಉಸ್ತಾಗೆ ಹೇಳಿದೆ. ಅವರೂರಿನ ತಂಡ ಇಳಿಯುತ್ತಲೇ ಇರುತ್ತದಂತೆ, ಮತ್ತೆ ಏರಿದ ದಿನ ಊರಿಡೀ ಬೀದಿಗೆ ಬಂದು ಕುಣಿಯುತ್ತದಂತೆ. ಇಸ್ತಾಂಬುಲಿನ ಆ ಮೂವರೋ, ಸೂಪರ್ ಲೀಗಿನಿಂದ ಒಮ್ಮೆಯೂ ಇಳಿದವರಲ್ಲ.

"ಪಾಪ" ಎಂದರು ಉಸ್ತಾ, ನನ್ನ ಕುತ್ತಿಗೆಯ ಕೂದಲು ಕೊಡವುತ್ತ. "ಏರುವುದು ಹೇಗಿರುತ್ತದೆಂದು ಅವರಿಗೆ ಗೊತ್ತೇ ಇಲ್ಲ."